ಮಕ್ಕಳು ಹೊರದೇಶದಲ್ಲಿ, ಕಾಗದ ಪತ್ರ ಅಮ್ಮನ ಟ್ರಂಕಿನಲ್ಲಿ



ಸಂಕ್ರಾಂತಿಯ ದನಗಳ ಜಾತ್ರೆಗೆ, ಕೋದಂಡರಾಮನ ಗುಡಿಗೆ, ಕಾವೇರಿಯ ಜಲಪಾತಕ್ಕೆ ಹೆಸರಾದ ಚುಂಚನಕಟ್ಟೆಯಿಂದ ಗೃಹಿಣಿಯೊಬ್ಬರು ಬರೆದ ಪತ್ರಕ್ಕೆ ಈ ಸಲದ ಅಂಕಣವನ್ನು ಪೂರ್ತಿ ಮೀಸಲಿಡುತ್ತಿದ್ದೇನೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಆದರೆ ಅವರ ಪ್ರಶ್ನೆ ಅವರೊಬ್ಬರದೇ ಅಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಎಲ್ಲೇ ಆಗಲಿ, ಓದಿದ ಮಕ್ಕಳು ಹೊರದೇಶಕ್ಕೆ ಹೋಗಿ ಮನೆಯ ಕಾಗದ ಪತ್ರಗಳೆಲ್ಲ ತಾಯಿಯ ಸುಪರ್ದಿಗೆ ಬಂದಿರುವ ಮನೆಗಳು ಈಗ ಎಷ್ಟೋ ಇವೆ. ಪತ್ರದ ಮುಖ್ಯ ಭಾಗ ಹೀಗಿದೆ:

"ನಮ್ಮ ಯಜಮಾನರು ತೀರಿಕೊಂಡು ಮೂರು ವರ್ಷವಾಯಿತು. ಉಯಿಲು ಬರೆದಿರಲಿಲ್ಲ. ಕೆ.ಆರ್. ನಗರದಲ್ಲಿ ಅವರೇ ದುಡಿದು ಸೈಟು ಕೊಂಡು 1988ರಲ್ಲಿ ಕಟ್ಟಿಸಿದ ಮನೆ ಇದೆ. ಊರಿನಲ್ಲಿ ಒಂದೂವರೆ ಎಕರೆ ಗದ್ದೆ ಇದೆ. ಮಗ ದುಬೈನಲ್ಲಿ ಸಣ್ಣ ಹೋಟೆಲು ಇಟ್ಟಿದ್ದಾನೆ. ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ, ಗ್ರೀನ್ ಕಾರ್ಡು ಆಗಿದೆ. ಮನೆಗೆ 45 ಲಕ್ಷಕ್ಕೆ ಗಿರಾಕಿ ಬಂದಿದ್ದಾರೆ. ಬ್ರೋಕರು, 'ತಲೆ ಕೆಡಿಸ್ಕೋಬೇಡಿ ಅಮ್ಮಾವ್ರೆ, ಐವತ್ತು ಲಕ್ಷದ ಒಳಗಿದ್ರೆ ಏನೂ ಹಿಡಿಯಂಗಿಲ್ಲ, ಮಕ್ಕಳ ಹತ್ರ ಒಂದು ಪವರ್ ತರಿಸ್ಕೊಳ್ಳಿ ಸಾಕು' ಅಂತಾನೆ. ಪಕ್ಕದ ಮನೆಯವರು, 'ಫಾರಿನ್ನಿನೋರ ಪಾಲಿಗೆ ಲಕ್ಷಗಟ್ಟಲೆ ಹಿಡೀತಾರಂತೆ' ಅಂತ ಹೆದರಿಸುತ್ತಾರೆ. ಮಕ್ಕಳನ್ನು ಕೇಳಿದರೆ 'ಅಮ್ಮಾ, ನೀನೇ ನೋಡ್ಕೊ' ಅನ್ನುತ್ತಾರೆ. ನಾನು ಮುಂಗಡ ತೆಗೆದುಕೊಳ್ಳಲೇ, ಬೇಡವೇ?"

ತಾಯೀ, ಇನ್ನೂ ಮುಂಗಡ ತೆಗೆದುಕೊಂಡಿಲ್ಲವಷ್ಟೆ? ಹಾಗಿದ್ದರೆ ಸ್ವಲ್ಪ ತಡೆಯಿರಿ. ಬ್ರೋಕರು ಹೇಳಿದ್ದು ನಿಮ್ಮ ಪಾಲಿಗೆ ಮಾತ್ರ ಸರಿ, ಮಕ್ಕಳ ಪಾಲಿಗೆ ತಪ್ಪು. ಪಕ್ಕದ ಮನೆಯವರು ಹೇಳಿದ್ದು ನಿಜವೇ, ಆದರೆ ಅರ್ಧ ನಿಜ. ಲಕ್ಷಗಟ್ಟಲೆ ಹಿಡಿಯದಂತೆ ಮಾಡಿಕೊಳ್ಳುವ ದಾರಿ ಕಾನೂನಿನಲ್ಲೇ ಇದೆ. ಅದು ಮಾರಾಟಕ್ಕೆ ಮುಂಚೆ ಹಿಡಿಯಬೇಕಾದ ದಾರಿ. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂಬ ಗಾದೆ ಈ ವಿಷಯಕ್ಕೇ ಹುಟ್ಟಿತೋ ಎನ್ನಿಸುತ್ತದೆ. ಒಂದೊಂದಾಗಿ ನೋಡೋಣ.

ದಿನಗಳ ಲೆಕ್ಕ

ಮೊದಲು ತಿಳಿಯಬೇಕಾದ್ದು, ಆದಾಯ ತೆರಿಗೆಯವರು ನೋಡುವುದು ಪಾಸ್‌ಪೋರ್ಟಿನ ಬಣ್ಣವನ್ನಲ್ಲ, ದಿನಗಳನ್ನು. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಒಂದು ವರ್ಷದಲ್ಲಿ ಒಬ್ಬರು ಭಾರತದಲ್ಲಿ 182 ದಿನ ಅಥವಾ ಹೆಚ್ಚು ಇದ್ದರೆ ಆ ವರ್ಷಕ್ಕೆ ಅವರು ಇಲ್ಲಿಯ ನಿವಾಸಿ. ಹೊರದೇಶದಲ್ಲಿ ನೆಲೆಸಿ ರಜೆಗೆ ಬಂದು ಹೋಗುವ ನಮ್ಮ ಮಕ್ಕಳು ಸಾಮಾನ್ಯವಾಗಿ ಅನಿವಾಸಿಗಳು, ಅಂದರೆ ಎನ್.ಆರ್.ಐ. ಗಳು. ಭಾರತದಲ್ಲೇ ವರ್ಷಕ್ಕೆ 15 ಲಕ್ಷಕ್ಕಿಂತ ಹೆಚ್ಚು ಆದಾಯವಿದ್ದರೆ ಮಾತ್ರ 120 ದಿನಕ್ಕೇ ಲೆಕ್ಕ ಬದಲಾಗಬಹುದು.

ಅನಿವಾಸಿಯಾದವರು ಹೊರದೇಶದಲ್ಲಿ ದುಡಿದದ್ದಕ್ಕೆ ಇಲ್ಲಿ ತೆರಿಗೆ ಇಲ್ಲ. ಇಲ್ಲಿ ಹುಟ್ಟಿದ ಆದಾಯಕ್ಕೆ, ಎಂದರೆ ಇಲ್ಲಿಯ ಮನೆ ಬಾಡಿಗೆ, ಬ್ಯಾಂಕಿನ ಬಡ್ಡಿ, ಸೈಟು ಮಾರಿದ ಲಾಭ ಇವುಗಳಿಗೆ ತೆರಿಗೆ ಇದೆ. ಪವರ್ ಆಫ್ ಅಟಾರ್ನಿ ಹಿಡಿದು ತಾಯಿಯೇ ಸಹಿ ಹಾಕಿದರೂ ಮಗನ ಪಾಲು ಮಗನದೇ, ಅವನು ಅನಿವಾಸಿಯೇ. ಕೈ ಬದಲಾಯಿತೆಂದು ತೆರಿಗೆ ಬದಲಾಗುವುದಿಲ್ಲ.

ಮಗ ಯಾವುದೋ ವರ್ಷ ಊರಿಗೆ ಬಂದು ಏಳು ತಿಂಗಳು ನಿಂತನೆನ್ನಿ. ಆಗ ಅವನು ಆ ವರ್ಷದ ಮಟ್ಟಿಗೆ ನಿವಾಸಿಯಾಗುತ್ತಾನೆ. ಬಹುಕಾಲ ಹೊರಗಿದ್ದು ಬಂದವರಿಗಾಗಿ ಕಾನೂನಿನಲ್ಲಿ ನಡುವಿನ ಒಂದು ವರ್ಗವಿದೆ, ಅವರ ಹೊರದೇಶದ ಆದಾಯದ ಮೇಲೆ ಕೂಡಲೇ ತೆರಿಗೆ ಬೀಳುವುದಿಲ್ಲ. ಆದರೆ ಇಲ್ಲೇ ಕೂತು ಫೋನಿನಲ್ಲೇ ಅಲ್ಲಿಯ ಹೋಟೆಲು ನಡೆಸಿದರೆ, ಇಲ್ಲಿಂದ ನಡೆಸಿದ ವ್ಯಾಪಾರವೆಂದು ಅದರ ಲಾಭಕ್ಕೆ ಇಲ್ಲಿಯೂ ತೆರಿಗೆ ಬರಬಹುದು. ಆದ್ದರಿಂದ ವ್ಯಾಪಾರವಿರುವ ಮಕ್ಕಳು ಬಂದ ದಿನ, ಹೋದ ದಿನ ಎರಡನ್ನೂ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಹಾಲಿನ ಲೆಕ್ಕ ಬರೆಯುವ ನಮಗೆ ಇದೇನು ಕಷ್ಟ?

ಮನೆ ಮಾರುವಾಗ

ಯಜಮಾನರ ಸ್ವಯಾರ್ಜಿತ ಆಸ್ತಿ, ಉಯಿಲು ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿಗೆ, ಮಗನಿಗೆ, ಮಗಳಿಗೆ ಸಮಪಾಲು. ಯಜಮಾನರ ತಾಯಿ, ಅಂದರೆ ನಿಮ್ಮ ಅತ್ತೆಯವರು ಬದುಕಿದ್ದರೆ ಅವರಿಗೂ ಒಂದು ಪಾಲು. ಅವರಿಲ್ಲವೆಂದು ಇಟ್ಟುಕೊಂಡರೆ 45 ಲಕ್ಷದಲ್ಲಿ ತಲಾ 15 ಲಕ್ಷ.

ನೀವು ಇಲ್ಲಿಯ ನಿವಾಸಿ. ಮನೆಯ ಒಟ್ಟು ಬೆಲೆಯೂ ಸರ್ಕಾರದ ಮಾರ್ಗಸೂಚಿ ಬೆಲೆಯೂ 50 ಲಕ್ಷ ಮುಟ್ಟದಿದ್ದರೆ ನಿಮ್ಮ ಪಾಲಿನಲ್ಲಿ ಕೊಳ್ಳುವವರು ಏನೂ ಹಿಡಿಯಬೇಕಾಗಿಲ್ಲ. 50 ಲಕ್ಷ ಮುಟ್ಟಿದರೆ ನೂರಕ್ಕೆ ಒಂದು ರೂಪಾಯಿ ಹಿಡಿಯುತ್ತಾರೆ. ಬ್ರೋಕರು ಹೇಳಿದ್ದು ಈ ನಿಯಮವನ್ನು. ಮಕ್ಕಳ ವಿಷಯದಲ್ಲಿ ಈ 50 ಲಕ್ಷದ ಮಿತಿ ಇಲ್ಲವೇ ಇಲ್ಲ. ಅನಿವಾಸಿಯಿಂದ ಎಷ್ಟು ಚಿಕ್ಕ ಆಸ್ತಿ ಕೊಂಡರೂ ಕೊಳ್ಳುವವರು ಮೊದಲೇ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಇದನ್ನೇ ಟಿ.ಡಿ.ಎಸ್. ಎನ್ನುವುದು.

ಎಷ್ಟು ಹಿಡಿಯಬೇಕು? 2024ರ ಜುಲೈ 23ರಿಂದ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಆಸ್ತಿಯ ಲಾಭಕ್ಕೆ ನೂರಕ್ಕೆ 12.5, ಅದರ ಮೇಲೆ ನೂರಕ್ಕೆ 4ರ ಸೆಸ್, ಸೇರಿ ನೂರಕ್ಕೆ 13. ತೆರಿಗೆ ಇರುವುದು ಲಾಭಕ್ಕೆ ಮಾತ್ರ. ಆದರೆ ಲಾಭವೆಷ್ಟು ಎಂದು ಕೊಳ್ಳುವವನಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ರೂಢಿಯಲ್ಲಿ ಇಡೀ ಹಣದ ಮೇಲೆಯೇ ಹಿಡಿದುಬಿಡುತ್ತಾರೆ. 15 ಲಕ್ಷಕ್ಕೆ 1,95,000 ರೂಪಾಯಿ. ಇಬ್ಬರು ಮಕ್ಕಳದು ಸೇರಿದರೆ 3,90,000. ಹೆಚ್ಚಿಗೆ ಹಿಡಿದದ್ದು ಮುಳುಗಿಹೋಗುವುದಿಲ್ಲ ನಿಜ. ಮುಂದಿನ ವರ್ಷ ರಿಟರ್ನ್ ಹಾಕಿ ವಾಪಸು ಪಡೆಯಬಹುದು. ಆದರೆ ಅಲ್ಲಿಯತನಕ ದುಡ್ಡು ಸರ್ಕಾರದ ಪೆಟ್ಟಿಗೆಯಲ್ಲಿ, ಚಿಂತೆ ನಿಮ್ಮ ತಲೆಯಲ್ಲಿ.

ಇದಕ್ಕೆ ಪರಿಹಾರವೆಂದರೆ ಕಡಿಮೆ ಕಡಿತದ ಸರ್ಟಿಫಿಕೇಟು. ಮಗ, ಮಗಳು ತಮ್ಮ ತಮ್ಮ ಪ್ಯಾನ್ ಸಂಖ್ಯೆಯಲ್ಲಿ ಆದಾಯ ತೆರಿಗೆ ಇಲಾಖೆಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಮನೆಯ ಬೆಲೆ, ಅಸಲು, ಲಾಭ ಇವುಗಳ ಲೆಕ್ಕ ಕೊಟ್ಟರೆ, ಇಂಥವರಿಂದ ಇಷ್ಟೇ ಹಿಡಿಯಿರಿ ಎಂದು ಅಧಿಕಾರಿಗಳು ಕೊಳ್ಳುವವರ ಹೆಸರಿಗೆ ಬರೆದುಕೊಡುತ್ತಾರೆ. ಅಸಲಿನ ಲೆಕ್ಕದಲ್ಲಿ ಒಂದು ಅನುಕೂಲವಿದೆ. 2001ರ ಏಪ್ರಿಲ್ 1ಕ್ಕೆ ಮುಂಚಿನ ಆಸ್ತಿಯಾದ್ದರಿಂದ, ಯಜಮಾನರು ಆಗ ಖರ್ಚು ಮಾಡಿದ ಹಣದ ಬದಲು 2001ರ ಏಪ್ರಿಲ್ 1ರಂದು ಆ ಮನೆಗೆ ಇದ್ದ ಬೆಲೆಯನ್ನು ಹಿಡಿಯಬಹುದು. ಅದು ಆ ಕಾಲದ ಮಾರ್ಗಸೂಚಿ ಬೆಲೆಯನ್ನು ಮೀರಬಾರದು. ನೋಂದಾಯಿತ ಮೌಲ್ಯಮಾಪಕರಿಂದ ಒಂದು ವರದಿ ಪಡೆದರೆ ಕೆಲಸ ಸುಲಭ. ಮಗನ ಪಾಲಿಗೆ ಆ ಬೆಲೆ 3 ಲಕ್ಷ ಬಂತು ಎನ್ನಿ. ಲಾಭ 12 ಲಕ್ಷ, ತೆರಿಗೆ 1,56,000. ಅಂದರೆ 39,000 ರೂಪಾಯಿ ಕೈಯಲ್ಲೇ ಉಳಿಯಿತು. ಅದೇ ಮಗ ಮೈಸೂರಿನಲ್ಲಿ ಒಂದು ಫ್ಲ್ಯಾಟು ಕೊಳ್ಳುವವನಾದರೆ ಇನ್ನೂ ಅನುಕೂಲ. ಮನೆ ಮಾರಿದ ಎರಡು ವರ್ಷದೊಳಗೆ ಭಾರತದಲ್ಲೇ ಬೇರೆ ಮನೆ ಕೊಂಡರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಿದರೆ, ಹಾಕಿದ ಲಾಭದ ಹಣಕ್ಕೆ ತೆರಿಗೆ ವಿನಾಯಿತಿ ಇದೆ. ಆರು ತಿಂಗಳೊಳಗೆ ಸರ್ಕಾರ ಹೆಸರಿಸಿದ ಬಾಂಡುಗಳಲ್ಲಿ 50 ಲಕ್ಷದವರೆಗೆ ತೊಡಗಿಸಿದರೂ ವಿನಾಯಿತಿ ಇದೆ, ಆದರೆ ಐದು ವರ್ಷ ಅದನ್ನು ಮುಟ್ಟುವಂತಿಲ್ಲ. ಈ ವಿನಾಯಿತಿಗಳು ನಿಮಗೂ ಉಂಟು, ಮಕ್ಕಳಿಗೂ ಉಂಟು.

ನಿಮಗೆ ಮಾತ್ರ ಇರುವ ಅನುಕೂಲಗಳು ಎರಡು. 2024ರ ಜುಲೈ 23ಕ್ಕೆ ಮುಂಚೆ ಬಂದ ಆಸ್ತಿಗೆ, ಹಣದುಬ್ಬರದ ಲೆಕ್ಕ ಹಿಡಿದು ನೂರಕ್ಕೆ 20, ಹಿಡಿಯದೆ ನೂರಕ್ಕೆ 12.5, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ನಿವಾಸಿಗಳಿಗೆ ಅನ್ವಯ. ಅಲ್ಲದೆ ನಿಮಗೆ ಬೇರೆ ಆದಾಯ ಹೆಚ್ಚಿಲ್ಲದಿದ್ದರೆ, ತೆರಿಗೆ ಇಲ್ಲದ ಮೊದಲ ಮಿತಿಯಲ್ಲಿ ಉಳಿದ ಭಾಗವನ್ನು ಈ ಲಾಭದಿಂದ ಕಳೆಯಬಹುದು. ಅನಿವಾಸಿಗಳಿಗೆ ಇವೆರಡೂ ಇಲ್ಲ. ಹಾಗಾಗಿ ಮೂವರ ಲೆಕ್ಕವನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆಯಬೇಕು. ಒಂದೇ ಪಾತ್ರೆಯಲ್ಲಿ ಮೂರು ಬಗೆ ಬೇಳೆ ಬೇಯಿಸಲು ಬರುವುದಿಲ್ಲ.

ಸರ್ಟಿಫಿಕೇಟು ಬರಲು ವಾರಗಳೇ ಹಿಡಿಯುತ್ತವೆ. ಅದಕ್ಕೇ ತಡೆಯಿರಿ ಎಂದದ್ದು. ಮೊದಲು ಕರಾರಿನ ಕರಡು ಬರೆಸಿ. ಮಾರುವವರಲ್ಲಿ ಇಬ್ಬರು ಅನಿವಾಸಿಗಳೆಂದು ಅದರಲ್ಲಿ ಸ್ಪಷ್ಟವಾಗಿ ಇರಲಿ. ಸರ್ಟಿಫಿಕೇಟು ಬಂದ ಮೇಲೆ ರಿಜಿಸ್ಟ್ರಿ ಎಂದೂ ಇರಲಿ. ಮುಂಗಡವೂ ಮಾರಾಟದ ಹಣವೇ ಆದ್ದರಿಂದ ಮಕ್ಕಳ ಪಾಲಿನ ಮುಂಗಡಕ್ಕೂ ಕಡಿತವಿದೆ ಎಂಬುದು ನೆನಪಿರಲಿ. ಕೊಳ್ಳುವವರಿಗೆ ಈ ವಿಷಯ ಮುಚ್ಚಿಟ್ಟರೆ, ನಾಳೆ ಇಲಾಖೆಯವರು ಹಿಡಿಯದೆ ಬಿಟ್ಟ ತೆರಿಗೆಯನ್ನು ಬಡ್ಡಿ ಸಮೇತ ಅವರಿಂದಲೇ ವಸೂಲು ಮಾಡುತ್ತಾರೆ. ಅವರು ನಿಮ್ಮ ಬಾಗಿಲಿಗೆ ಬರುತ್ತಾರೆ. ಅದೇ ಊರಿನಲ್ಲಿ ಬಾಳಬೇಕಾದವರು ನಾವು, ಅಂಥ ಮಾತು ಯಾಕೆ ಬೇಕು?

ಪವರ್ ಆಫ್ ಅಟಾರ್ನಿಯನ್ನು ಮಗ ದುಬೈನ ಭಾರತೀಯ ಕಾನ್ಸುಲೇಟಿನಲ್ಲಿ, ಮಗಳು ಅಮೆರಿಕದಲ್ಲಿ ತನ್ನ ಭಾಗದ ಕಾನ್ಸುಲೇಟಿನ ಮೂಲಕ ದೃಢೀಕರಿಸಿ ಮೂಲಪ್ರತಿಯನ್ನೇ ಕಳಿಸಬೇಕು. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳಬೇಕು. ವಾಟ್ಸಾಪಿನಲ್ಲಿ ಬಂದ ಫೋಟೋ ಸಬ್ ರಿಜಿಸ್ಟ್ರಾರ್ ಕಛೇರಿಯಲ್ಲಿ ನಡೆಯುವುದಿಲ್ಲ.

"ಎಲ್ಲ ನಿಮ್ಮ ಹೆಸರಿಗೆ ಮಾಡ್ಕೊಂಡ್ಬಿಡಿ"

ಇನ್ನೊಂದು ಸಲಹೆ ಇಂಥ ಮನೆಗಳಲ್ಲಿ ಬಂದೇ ಬರುತ್ತದೆ. "ಮಕ್ಕಳ ಕೈಲಿ ಹಕ್ಕು ಖುಲಾಸೆ ಬರೆಸ್ಕೊಳ್ಳಿ, ಎಲ್ಲ ನಿಮ್ಮ ಹೆಸರಿಗೆ ಆಗ್ಲಿ, ಆಮೇಲೆ ಮಾರಿ" ಎಂದು. ಹಕ್ಕು ಖುಲಾಸೆ ಪತ್ರ ಕಾನೂನಿಗೆ ವಿರುದ್ಧವಾದದ್ದಲ್ಲ. ಕುಟುಂಬದೊಳಗೆ ಅದಕ್ಕೆ ಶುಲ್ಕವೂ ಕಡಿಮೆ. ಮಕ್ಕಳು ಮನಸಾರೆ ತಾಯಿಗೆ ಬಿಟ್ಟುಕೊಡುವುದಾದರೆ ಬಿಡಲಿ, ಸಂತೋಷ. ಆದರೆ ತೆರಿಗೆ ಉಳಿಸಲೆಂದು ಮಾತ್ರ ಇದನ್ನು ಮಾಡಬೇಡಿ.

ಯಾಕೆಂದರೆ ರಿಜಿಸ್ಟ್ರಾದ ಖುಲಾಸೆ ಪತ್ರ ಹಾಲಿಗೆ ಹಾಕಿದ ಹೆಪ್ಪಿನ ಹಾಗೆ, ಮತ್ತೆ ತೆಗೆಯಲು ಬರುವುದಿಲ್ಲ. "ಆಮೇಲೆ ನಿನ್ನ ಪಾಲು ಕೊಡ್ತೀವಿ" ಎಂಬ ಬಾಯಿಮಾತು ಆ ಪತ್ರದಲ್ಲಿ ಎಲ್ಲೂ ಇರುವುದಿಲ್ಲ. ಕೊಡುವ ಮುಂಚೆ ತಾಯಿಗೆ ಏನಾದರೂ ಆದರೆ ಹಣದ ಹಂಚಿಕೆ ಮತ್ತೆ ಮೊದಲಿನಿಂದ. ಇದರಲ್ಲಿ ಹೆಚ್ಚಾಗಿ ಸೋಲುವವಳು ಮಗಳು. ಅಪ್ಪನ ಸ್ವಂತ ಆಸ್ತಿಯಲ್ಲಿ ಮಗಳಿಗೆ ಪಾಲು 1956ರಿಂದಲೇ ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ ನಮ್ಮ ಕರ್ನಾಟಕ 1994ರಲ್ಲಿ ಹೆಣ್ಣು ಮಕ್ಕಳಿಗೆ ಹಕ್ಕು ಕೊಟ್ಟಿತು, 2005ರ ತಿದ್ದುಪಡಿಯಿಂದ ಅದು ದೇಶಕ್ಕೇ ಬಂತು. ಅಷ್ಟು ಕಷ್ಟದಿಂದ ಬಂದ ಹಕ್ಕನ್ನು ಒಂದು ಟಿ.ಡಿ.ಎಸ್. ಉಳಿಸಲು ಸಹಿ ಮಾಡಿ ಬಿಡಿಸುವುದು ಸರಿಯೇ? ಅಲ್ಲದೆ ಅಮೆರಿಕದಲ್ಲಿ ನೆಲೆಸಿದ ಮಗಳು ತನ್ನ ಪಾಲು ಬಿಟ್ಟುಕೊಟ್ಟರೆ ಅಲ್ಲಿಯ ಕಾನೂನಿನಲ್ಲಿ ಅದು ದಾನ, ಅಲ್ಲಿ ತಿಳಿಸಬೇಕಾಗಬಹುದು. ಮುಂದೆ ತಾಯಿಯಿಂದ ಒಂದೇ ವರ್ಷದಲ್ಲಿ ಒಂದು ಲಕ್ಷ ಡಾಲರಿಗಿಂತ ಹೆಚ್ಚು ಉಡುಗೊರೆ ಬಂದರೂ, ತೆರಿಗೆ ಇಲ್ಲದಿದ್ದರೂ, ಅವಳು ಅಲ್ಲಿ ತಿಳಿಸಬೇಕು. ನೇರ ದಾರಿಯೇ ಹತ್ತಿರದ ದಾರಿ.

ಗದ್ದೆಯ ಮಾತು

ಗದ್ದೆಯ ವಿಷಯ ಮನೆಯಂತಲ್ಲ. ನಿಜವಾಗಿ ಬೇಸಾಯ ನಡೆಯುತ್ತಿರುವ ಹಳ್ಳಿಯ ಜಮೀನು ಮಾರಿದರೆ ಆ ಲಾಭಕ್ಕೆ ಭಾರತದಲ್ಲಿ ತೆರಿಗೆಯೇ ಇಲ್ಲ, ಮಾರುವವರು ಅನಿವಾಸಿಯಾದರೂ ಇಲ್ಲ. ಹಳ್ಳಿಯ ಜಮೀನು ಎಂದರೆ ಹತ್ತು ಸಾವಿರ ಅಥವಾ ಹೆಚ್ಚು ಜನವಿರುವ ಪುರಸಭೆ, ನಗರಸಭೆಗಳ ಒಳಗೆ ಇರಬಾರದು. ಹತ್ತು ಸಾವಿರದಿಂದ ಒಂದು ಲಕ್ಷ ಜನಸಂಖ್ಯೆಯ ಊರಾದರೆ ಅದರ ಎಲ್ಲೆಯಿಂದ 2 ಕಿಲೋಮೀಟರು, ಒಂದರಿಂದ ಹತ್ತು ಲಕ್ಷದ ಊರಾದರೆ 6, ಹತ್ತು ಲಕ್ಷ ಮೀರಿದರೆ 8 ಕಿಲೋಮೀಟರು ಆಚೆಗಿರಬೇಕು. ಅದೂ ರಸ್ತೆಯ ದೂರವಲ್ಲ, ಹಕ್ಕಿ ಹಾರಿದ ಹಾಗೆ ನೇರ ದೂರ. ಕೆ.ಆರ್. ನಗರ, ಹುಣಸೂರುಗಳು 2011ರ ಜನಗಣತಿಯಲ್ಲಿ ಲಕ್ಷದೊಳಗಿನ ಊರುಗಳು. ಚುಂಚನಕಟ್ಟೆಯ ಬಯಲು ಕೆ.ಆರ್. ನಗರದಿಂದ ಅಷ್ಟು ದೂರ ಇರುವುದರಿಂದ ನಿಮಗೆ ಆ ಚಿಂತೆ ಇರಲಾರದು. ಸೈಟು ಮಾಡಲು ಭೂಪರಿವರ್ತನೆ ಮಾಡಿಸಿದ್ದರೆ ಮಾತ್ರ ಅದು ಗದ್ದೆಯಾಗಿ ಉಳಿಯುವುದಿಲ್ಲ.

ಮಕ್ಕಳು ಅನಿವಾಸಿಗಳಾದರೂ ಅಪ್ಪನ ಗದ್ದೆ ಅವರಿಗೆ ಬರುತ್ತದೆ, ಇಟ್ಟುಕೊಳ್ಳಬಹುದು. ಆದರೆ ಅನಿವಾಸಿಗಳು ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಮಾರುವುದಾದರೂ ಭಾರತದಲ್ಲಿ ನೆಲೆಸಿದವರಿಗೇ ಮಾರಬೇಕು. "ಪಕ್ಕದ ಅರ್ಧ ಎಕರೆ ಬಂದಿದೆ, ನನ್ನ ಹೆಸರಿಗೆ ತಗೊಂಡ್ಬಿಡಮ್ಮ" ಎಂದು ಮಗ ದುಬೈನಿಂದ ದುಡ್ಡು ಕಳಿಸಿದರೆ ಒಪ್ಪಬೇಡಿ. ಪೌತಿ ಖಾತೆ ಇನ್ನೂ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ ಪಹಣಿಯಲ್ಲಿ ಮೂವರ ಹೆಸರೂ ಬರಲಿ.

ಅಲ್ಲಿಯ ಸರ್ಕಾರವೂ ಕೇಳುತ್ತದೆ

ನಮ್ಮ ಕಡೆಯ ಲೆಕ್ಕ ಮುಗಿದರೆ ಎಲ್ಲ ಮುಗಿಯಿತೆಂದಲ್ಲ. ಅಮೆರಿಕವು ತನ್ನ ಪ್ರಜೆಗಳನ್ನೂ ಗ್ರೀನ್ ಕಾರ್ಡಿನವರನ್ನೂ ಪ್ರಪಂಚದ ಯಾವ ಮೂಲೆಯ ಆದಾಯವಿದ್ದರೂ ಹೇಳಿ ಎನ್ನುತ್ತದೆ. ಮಗಳು ಇಲ್ಲಿಯ ಮನೆಯ ಪಾಲು ಮಾರಿದ ಲಾಭವನ್ನು ಅಲ್ಲಿಯೂ ತೋರಿಸಬೇಕು. ಎರಡು ಸಲ ತೆರಿಗೆ ಕಟ್ಟಬೇಕೆ ಎಂದು ಗಾಬರಿ ಬೇಡ. ಭಾರತ, ಅಮೆರಿಕಗಳ ನಡುವೆ 1989ರಲ್ಲಿ ಆದ ಒಪ್ಪಂದವಿದೆ. ಇಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿಯ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಅದಕ್ಕೆ ಇಲ್ಲಿ ಕಟ್ಟಿದ ರಸೀತಿ, ಟಿ.ಡಿ.ಎಸ್. ಸರ್ಟಿಫಿಕೇಟು ಬೇಕು. ಇಲ್ಲಿ ತೆರಿಗೆಯಿಲ್ಲದ ಗದ್ದೆಯ ಲಾಭವನ್ನೂ ಅವಳು ಅಲ್ಲಿ ತೋರಿಸಬೇಕಾಗುತ್ತದೆ, ಇದನ್ನು ಬಹಳ ಮಂದಿ ಮರೆಯುತ್ತಾರೆ.

ಒಂದು ವಿಚಿತ್ರ ನೋಡಿ. ಲಾಭ ಲೆಕ್ಕ ಹಾಕಲು ನಮ್ಮ ದೇಶ 2001ರ ಬೆಲೆ ಕೇಳುತ್ತದೆ. ಅಮೆರಿಕ ಸಾಮಾನ್ಯವಾಗಿ ಕೇಳುವುದು ತಂದೆ ತೀರಿಕೊಂಡ ದಿನ ಆ ಆಸ್ತಿಗೆ ಇದ್ದ ಬೆಲೆಯನ್ನು. ಆ ದಿನದ ಬೆಲೆ ಹಿಡಿದರೆ ಮಗಳ ಲಾಭ ಅಲ್ಲಿ ಬಹಳ ಚಿಕ್ಕದಾಗುತ್ತದೆ. ಆದ್ದರಿಂದ ಮೌಲ್ಯಮಾಪಕರ ಹತ್ತಿರ ಹೋದಾಗ ಎರಡು ದಿನಗಳ ಬೆಲೆಯನ್ನೂ ಬರೆಸಿಕೊಳ್ಳಿ, ಮನೆಗೂ ಗದ್ದೆಗೂ. ಒಂದು ಸಲದ ಓಡಾಟದಲ್ಲಿ ಎರಡು ದೇಶದ ಕೆಲಸ ಮುಗಿಯುತ್ತದೆ.

ದುಬೈನಲ್ಲಿ ಸಂಬಳಕ್ಕೆ, ಇಂಥ ಸ್ವಂತ ಲಾಭಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ವ್ಯಾಪಾರಕ್ಕೆ ಇಲ್ಲವೆಂಬ ಕಾಲ ಹೋಯಿತು. 2018ರಿಂದ ಅಲ್ಲಿ ನೂರಕ್ಕೆ 5ರ ವ್ಯಾಟ್ ಇದೆ. 2023ರ ಜೂನ್‌ನಿಂದ ಶುರುವಾದ ನಿಯಮದಂತೆ 3,75,000 ದಿರ್ಹಮ್ ಮೀರಿದ ವ್ಯಾಪಾರದ ಲಾಭಕ್ಕೆ ನೂರಕ್ಕೆ 9 ತೆರಿಗೆ ಇದೆ. ಹೋಟೆಲಿನ ಲೆಕ್ಕವನ್ನು ಮನೆಯ ದುಡ್ಡಿನ ಜೊತೆ ಬೆರೆಸದೆ ಬೇರೆಯೇ ಇಡಲು ಮಗನಿಗೆ ಹೇಳಿ.

ತಿಂಗಳು ತಿಂಗಳು ಬರುವ ಹಣ

ಮಗ, ಮಗಳು ತಾಯಿಗೆ ಕಳಿಸುವ ಹಣ ಎಷ್ಟೇ ಇರಲಿ, ಅದು ತಾಯಿಯ ಆದಾಯವಲ್ಲ. ತೆರಿಗೆ ಇಲ್ಲ. ಅದನ್ನು ಡಿಪಾಜಿಟ್ ಇಟ್ಟು ಬಂದ ಬಡ್ಡಿ ಮಾತ್ರ ತಾಯಿಯ ಆದಾಯ. ಗಂಡ ಹೆಂಡತಿಗೆ ಕಳಿಸಿದ್ದಾದರೆ ಸ್ವಲ್ಪ ಬೇರೆ: ಸಂಸಾರದ ಖರ್ಚಿಗೆ ತೊಂದರೆಯಿಲ್ಲ, ಆದರೆ ಆ ಹಣ ಡಿಪಾಜಿಟ್ ಇಟ್ಟರೆ ಬಡ್ಡಿಯನ್ನು ಗಂಡನ ಲೆಕ್ಕಕ್ಕೆ ಸೇರಿಸುತ್ತಾರೆ.

ನೆಂಟಸ್ತಿಕೆಯಲ್ಲೂ ಕಾನೂನಿನ ಲೆಕ್ಕ ನಮ್ಮ ಲೆಕ್ಕದಂತಿಲ್ಲ. ಚಿಕ್ಕಮ್ಮ ಅಕ್ಕನ ಮಗನಿಗೆ ಎಷ್ಟು ಕೊಟ್ಟರೂ ಅವನಿಗೆ ತೆರಿಗೆ ಇಲ್ಲ. ಆದರೆ ಆ ಅಕ್ಕನ ಮಗನೇ ಹೊರದೇಶದಿಂದ ಚಿಕ್ಕಮ್ಮನಿಗೆ ವರ್ಷಕ್ಕೆ 50,000 ರೂಪಾಯಿ ಮೀರಿ ಕಳಿಸಿದರೆ ಅದು ಚಿಕ್ಕಮ್ಮನ ಆದಾಯ! ನಮ್ಮ ಮನೆಗಳಲ್ಲಿ ಚಿಕ್ಕಮ್ಮನೇ ಸಾಕಿ ಬೆಳೆಸಿದ ಮಕ್ಕಳು ಎಷ್ಟಿಲ್ಲ? ಅಂಥವರು ಕಳಿಸುವ ಮುಂಚೆ ಲೆಕ್ಕ ತಿಳಿದವರನ್ನು ಕೇಳಲಿ.

ಬ್ಯಾಂಕಿನ ಖಾತೆ

ಮಗ ಕಾಲೇಜಿನಲ್ಲಿದ್ದಾಗ ತೆರೆದ ಎಸ್.ಬಿ. ಖಾತೆ ಇನ್ನೂ ಹಾಗೆಯೇ ಇದೆಯೇ? ಹೊರದೇಶದಲ್ಲಿ ನೆಲೆಸಿದ ಮೇಲೆ ಅದನ್ನು ಎನ್.ಆರ್.ಓ. ಖಾತೆಯಾಗಿ ಬದಲಿಸಬೇಕು, ಇದು ಕಡ್ಡಾಯ. ಹೊರದೇಶದ ದುಡಿಮೆಯನ್ನು ತಂದಿಡಲು ಎನ್.ಆರ್.ಇ. ಎಂಬ ಇನ್ನೊಂದು ಖಾತೆ ಇದೆ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಬಾಡಿಗೆ, ಆಸ್ತಿ ಮಾರಿದ ಹಣ ಇಂಥವು ಎನ್.ಆರ್.ಓ. ಖಾತೆಗೇ ಬರಬೇಕು. ತೆರಿಗೆ ತೀರಿಸಿ, ಚಾರ್ಟರ್ಡ್ ಅಕೌಂಟೆಂಟರ ಸರ್ಟಿಫಿಕೇಟು ಕೊಟ್ಟರೆ, ಅಲ್ಲಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರಿನವರೆಗೆ ಹೊರಗೆ ಕಳಿಸಬಹುದು.

ಎನ್.ಆರ್.ಓ. ಬಡ್ಡಿಯಲ್ಲಿ ಬ್ಯಾಂಕು ನೂರಕ್ಕೆ 30 ಮತ್ತು ಸೆಸ್ ಹಿಡಿಯುತ್ತದೆ. 5 ಲಕ್ಷಕ್ಕೆ ನೂರಕ್ಕೆ 7ರಂತೆ 35,000 ಬಡ್ಡಿ ಬಂದರೆ 10,920 ರೂಪಾಯಿ ಹೋಯಿತು. ದುಬೈನಲ್ಲಿರುವವರು ಅಲ್ಲಿಯ ಸರ್ಕಾರದಿಂದ ತೆರಿಗೆ ನಿವಾಸಿ ಸರ್ಟಿಫಿಕೇಟು ತಂದು ಬ್ಯಾಂಕಿಗೆ ಕೊಟ್ಟರೆ, ಆ ದೇಶದೊಡನೆ ಇರುವ ಒಪ್ಪಂದದಂತೆ ನೂರಕ್ಕೆ 12.5, ಎಂದರೆ 4,375 ಮಾತ್ರ. ಅಮೆರಿಕದವರಿಗೆ ನೂರಕ್ಕೆ 15. ಒಂದು ಕಾಗದ ಎಷ್ಟು ಉಳಿಸಿತು ನೋಡಿ!

ಕೊನೆಯದಾಗಿ, ನಮ್ಮ ಮುಪ್ಪಿನ ಭಯದಿಂದ ನಾವೇ ಮಾಡುವ ಒಂದು ಕೆಲಸ. "ನನಗೇನಾದ್ರೂ ಆದ್ರೆ ಮಗಳಿಗೆ ಸಿಗ್ಲಿ" ಎಂದು ನಮ್ಮ ಡಿಪಾಜಿಟ್ಟಿಗೆಲ್ಲ ಅವಳ ಹೆಸರನ್ನು ಜಂಟಿಯಾಗಿ ಸೇರಿಸುತ್ತೇವೆ. ಹೊರದೇಶದ ಖಾತೆಗಳಲ್ಲಿ ಎಲ್ಲ ಸೇರಿ 10,000 ಡಾಲರು ಮೀರಿದರೆ ಅಮೆರಿಕದಲ್ಲಿರುವವರು ಪ್ರತಿ ವರ್ಷ ಅಲ್ಲಿ ತಿಳಿಸಬೇಕು. ಹಣ ತಾಯಿಯದಾದರೂ ಜಂಟಿ ಹೆಸರಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ತಿಳಿಸದಿದ್ದರೆ ದಂಡ ಸಾವಿರಾರು ಡಾಲರು. ಯಾರಿಗೆ ಗೊತ್ತಾಗುತ್ತೆ ಎನ್ನುವ ಹಾಗಿಲ್ಲ. 2015ರಲ್ಲಿ ಆದ ಒಪ್ಪಂದದಂತೆ ನಮ್ಮ ಬ್ಯಾಂಕುಗಳಿಂದ ಅಂಥವರ ಖಾತೆಗಳ ವಿವರ ಅಮೆರಿಕಕ್ಕೆ ಹೋಗುತ್ತದೆ. ಮಗಳ ಹೆಸರನ್ನು ನಾಮಿನಿಯಾಗಿ ಬರೆಸಿ ಸಾಕು, ಜೊತೆಗೆ ಒಂದು ಉಯಿಲು ಬರೆದಿಡಿ. ಯಜಮಾನರು ಬರೆಯದೆ ಹೋದದ್ದನ್ನು ನೀವಾದರೂ ಬರೆಯಿರಿ.

ಟ್ರಂಕಿನಲ್ಲಿ ಏನೇನಿರಬೇಕು

ಒಂದು ಗಟ್ಟಿ ಫೈಲು ತಂದು ಇವನ್ನು ಜೋಡಿಸಿಡಿ: ಯಜಮಾನರ ಮರಣ ಪತ್ರ, ವಂಶವೃಕ್ಷ, ಸೈಟಿನ ಕ್ರಯಪತ್ರ, ಮನೆ ಕಟ್ಟಿಸಿದ ಮತ್ತು ರಿಪೇರಿಯ ರಸೀತಿಗಳು, ಖಾತೆ, ಕಂದಾಯದ ರಸೀತಿ, ಪಹಣಿ, 2001ರ ಮತ್ತು ಮರಣದ ದಿನದ ಬೆಲೆಯ ವರದಿ, ಮಕ್ಕಳ ಪ್ಯಾನ್ ಕಾರ್ಡು, ಪಾಸ್‌ಪೋರ್ಟಿನ ಪ್ರತಿಗಳು, ಬಂದು ಹೋದ ದಿನಗಳ ಪಟ್ಟಿ, ಬ್ಯಾಂಕಿನ ಪಾಸ್‌ಬುಕ್ಕುಗಳು.

ಫಾರಂಗಳ ಸಂಖ್ಯೆಯನ್ನು ನಾನು ಬೇಕೆಂದೇ ಬರೆದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬರುವುದರಿಂದ ಹಳೆಯ ನಂಬರುಗಳೆಲ್ಲ ಬದಲಾಗುತ್ತವೆ. ಈ ಫೈಲನ್ನು ಹಿಡಿದು ಅನಿವಾಸಿಗಳ ಕೆಲಸ ಮಾಡಿ ಗೊತ್ತಿರುವ ಚಾರ್ಟರ್ಡ್ ಅಕೌಂಟೆಂಟರೊಬ್ಬರನ್ನು ಮೈಸೂರಿನಲ್ಲಿ ಕಾಣಿ. ಮಗಳು ಅಲ್ಲಿಯ ಅಕೌಂಟೆಂಟರನ್ನು ಕೇಳಲಿ. ಇಬ್ಬರ ಮಾತೂ ಕಾಗದದ ಮೇಲೆ ಬರಲಿ. ಅವರಿಗೆ ಕೊಡುವ ಫೀಸು, ಹೇಳದೆ ಕೇಳದೆ ಹೋಗುವ ಲಕ್ಷದ ಮುಂದೆ ಏನೂ ಅಲ್ಲ.

ಮಕ್ಕಳು "ನೀನೇ ನೋಡ್ಕೊ" ಎಂದಾಗ ನಮಗೆ ಕೈಕಾಲು ನಡುಗುತ್ತದೆ, ನಿಜ. ಆದರೆ ಮೂವತ್ತು ವರ್ಷ ಸಂಸಾರದ ಲೆಕ್ಕ ತೂಗಿಸಿದವರು ನಾವು. ಪ್ಯಾನು, ಸಹಿ, ಅರ್ಜಿ ಮಕ್ಕಳ ಕೆಲಸ, ಅದನ್ನು ಅವರೇ ಮಾಡಲಿ ಎಂದು ಗಟ್ಟಿಯಾಗಿ ಹೇಳಿ. ಕಾಗದ ಕಾಪಾಡುವುದು, ಪಾಲು ತಪ್ಪದಂತೆ ನೋಡುವುದು ನಮ್ಮ ಕೆಲಸ. ಕೊಳ್ಳುವವರು ನಿಜವಾದ ಗಿರಾಕಿಯಾದರೆ ಕೆಲವು ವಾರ ಕಾಯುತ್ತಾರೆ. ಅವಸರ ಮಾಡುವವರು ಹೋದರೆ ಹೋಗಲಿ, ಮನೆ ಎಲ್ಲಿಗೂ ಓಡಿಹೋಗುವುದಿಲ್ಲ.